ಸೈಕಲ್ ಏರಿದ ಬ್ರದರ್: ಸೆಮಿನರಿ ಜೀವನದ ಬಗ್ಗೆ ಒಬ್ಬ ತಾಯಿಯ ಎರಡು ಪ್ರಶ್ನೆಗಳು

ಕೆಲವು ವಾರಗಳ ಹಿಂದೆ ಭಾನುವಾರದ ಎರಡನೇ ಬಲಿಪೂಜೆ ಮುಗಿಸಿ ನಾವು ಚರ್ಚಿನ ಅಂಗಳಕ್ಕೆ ಬಂದಾಗ ಒಬ್ಬ ತಾಯಿ ಕಾದು ನಿಂತಿದ್ದರು. "ಫಾದರ್, ನಮ್ಮ ಹುಡುಗ ಪಿಯುಸಿ ಆದ ಮೇಲೆ ಸೆಮಿನರಿಗೆ ಹೋಗ್ತೇನೆ ಅಂತ ಹೇಳ್ತಾ ಇದ್ದಾನೆ. ಕಾಲೇಜಿನಿಂದ ಬಂದರೆ ಸೈಕಲಿನಿಂದ ಕೆಳಗೆ ಇಳಿಯುವ ಜಾತಿ ಅಲ್ಲ ಅವ. ಅಲ್ಲಿ ನಾಲ್ಕು ಗೋಡೆಯ ಒಳಗೆ ಇಡೀ ದಿವಸ ಪ್ರಾರ್ಥನೆ ಮಾಡಿಕೊಂಡು ಹೇಗೆ ಕೂತಾನು?" ಎಂದು ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ವರ ತಗ್ಗಿಸಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: "ಅರ್ಧದಲ್ಲಿ ವಾಪಸ್ ಬಂದರೆ ಜನ ಏನು ಹೇಳ್ತಾರೆ ಫಾದರ್?"

ಮೊದಲನೆಯ ಪ್ರಶ್ನೆಗೆ ಅಲ್ಲಿಯೇ ನಗುತ್ತಾ ಉತ್ತರ ಕೊಟ್ಟೆವು. ಎರಡನೆಯದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ ಎಂಬ ಕೊರಗು ಉಳಿದುಹೋಯಿತು. ಆ ತಾಯಿಯಂತೆ ಯೋಚಿಸುವವರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಗುರುದೀಕ್ಷೆಯ ದಿನ ನಾವೆಲ್ಲರೂ ಸಂಭ್ರಮದಿಂದ ಸೇರುತ್ತೇವೆ. ಆದರೆ ಅದಕ್ಕೆ ಹಿಂದಿನ ಹತ್ತು ವರ್ಷ ಆ ಹುಡುಗ ಏನು ಮಾಡುತ್ತಿದ್ದ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಆದ್ದರಿಂದ ಎರಡೂ ಪ್ರಶ್ನೆಗಳಿಗೆ ಇಲ್ಲಿ ಸ್ವಲ್ಪ ವಿವರವಾಗಿ ಉತ್ತರಿಸುವ ಪ್ರಯತ್ನ ಮಾಡಿದ್ದೇವೆ.

ಹತ್ತು ವರ್ಷ ಏಕೆ?

ಗುರುಗಳ ತರಬೇತಿಗಾಗಿ ಪ್ರತಿ ಧರ್ಮಪ್ರಾಂತ್ಯವೂ ಸೆಮಿನರಿಯ ವ್ಯವಸ್ಥೆ ಮಾಡಬೇಕೆಂದು ತ್ರೆಂತ್ ಮಹಾಸಭೆ 1563ರಲ್ಲಿ ನಿರ್ಧರಿಸಿತು. ನಮ್ಮ ಕರಾವಳಿಯಲ್ಲಿ ಮಂಗಳೂರಿನ ಸಂತ ಜೋಸೆಫರ ಸೆಮಿನರಿ 1879ರಲ್ಲಿ ಯೇಸುಸಭೆಯ ಗುರುಗಳಿಂದ ಆರಂಭವಾಯಿತು. ಇಂದಿಗೂ ಜೆಪ್ಪು ಎಂದರೆ ನಮ್ಮ ಹಿರಿಯರಿಗೆ ಮೊದಲು ನೆನಪಾಗುವುದು ಅದೇ.

ಈಗಿನ ಧರ್ಮಸಭೆಯ ನಿಯಮಸಂಹಿತೆ (1983) ಪ್ರಕಾರ ಗುರುವಾಗುವವರಿಗೆ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರ ಸೇರಿ ಕನಿಷ್ಠ ಆರು ಪೂರ್ಣ ವರ್ಷಗಳ ಅಧ್ಯಯನ ಬೇಕು: ತತ್ತ್ವಶಾಸ್ತ್ರಕ್ಕೆ ಎರಡು, ದೈವಶಾಸ್ತ್ರಕ್ಕೆ ನಾಲ್ಕು ವರ್ಷಗಳಷ್ಟು. ಇದಕ್ಕೆ ಮೊದಲು ಪೂರ್ವಸಿದ್ಧತೆಯ ಒಂದು ಅವಧಿ ಇರುತ್ತದೆ. ಮಧ್ಯೆ ಒಂದು ವರ್ಷ ಧರ್ಮಕೇಂದ್ರದಲ್ಲೋ ಸಂಸ್ಥೆಯಲ್ಲೋ ಇದ್ದು ಕೆಲಸ ಕಲಿಯುವ ರೀಜೆನ್ಸಿ ಇರುತ್ತದೆ. ಕೊನೆಗೆ ಡೀಕನ್ ದೀಕ್ಷೆ ಪಡೆದು ಸೇವೆ ಮಾಡುವ ತಿಂಗಳುಗಳು. ಧರ್ಮಪ್ರಾಂತ್ಯದಿಂದ ಧರ್ಮಪ್ರಾಂತ್ಯಕ್ಕೆ ಸ್ವಲ್ಪ ವ್ಯತ್ಯಾಸವಿದ್ದರೂ ಪಿಯುಸಿ ಮುಗಿಸಿದ ಹುಡುಗನಿಗೆ ಒಟ್ಟು ಒಂಬತ್ತು ಹತ್ತು ವರ್ಷ ಆಗುತ್ತದೆ. ಸಾಮಾನ್ಯವಾಗಿ 25 ವರ್ಷ ತುಂಬದೆ ಯಾರಿಗೂ ಗುರುದೀಕ್ಷೆ ಕೊಡುವಂತಿಲ್ಲ.

ಇಷ್ಟು ದೀರ್ಘ ಕಾಲ ಬೇಕಾದದ್ದು ಕೇವಲ ಪಾಠಕ್ಕಾಗಿ ಅಲ್ಲ. ಪೋಪ್ ಎರಡನೇ ಜಾನ್ ಪಾವ್ಲ್‌ರವರು 1992ರಲ್ಲಿ ಗುರುಗಳ ತರಬೇತಿಯ ಬಗ್ಗೆ ಬರೆದ ಪತ್ರದಲ್ಲಿ ನಾಲ್ಕು ಮುಖಗಳನ್ನು ಹೇಳುತ್ತಾರೆ: ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ ಹಾಗೂ ಪಾಲನಾ ತರಬೇತಿ. ಮಾನವೀಯ ತರಬೇತಿಯೇ ಉಳಿದ ಮೂರಕ್ಕೂ ಬುನಾದಿ ಎಂಬುದು ಅವರ ಮಾತಿನ ತಿರುಳು. ರೋಮ್ 2016ರ ಡಿಸೆಂಬರ್‌ನಲ್ಲಿ ಹೊರಡಿಸಿದ ಹೊಸ ಮಾರ್ಗಸೂಚಿಯೂ ಈ ನಾಲ್ಕನ್ನೇ ಆಧಾರವಾಗಿ ಇಟ್ಟುಕೊಂಡಿದೆ.

ಗಂಟೆಯಿಂದ ಗಂಟೆಗೆ

ಸೆಮಿನರಿಯ ದಿನ ಗಂಟೆಯ ಸದ್ದಿನಿಂದ ಆರಂಭವಾಗಿ ಗಂಟೆಯ ಸದ್ದಿನಲ್ಲೇ ಮುಗಿಯುತ್ತದೆ. ನಮ್ಮ ಕಾಲದಲ್ಲಿ ಬೆಳಿಗ್ಗೆ ಐದೂವರೆಗೆ ಏಳುತ್ತಿದ್ದೆವು. ಪ್ರಭಾತ ಪ್ರಾರ್ಥನೆ, ಧ್ಯಾನ, ಬಲಿಪೂಜೆ. ಆ ಮೇಲೆ ತಿಂಡಿ. ಒಂಬತ್ತರಿಂದ ಮಧ್ಯಾಹ್ನದವರೆಗೆ ತರಗತಿ. ಕುಚ್ಚಲಕ್ಕಿ ಅನ್ನ, ಮೀನು ಸಾರಿನ ಊಟ, ಅರ್ಧ ಗಂಟೆ ವಿಶ್ರಾಂತಿ. ನಂತರ ಕೈಕೆಲಸ: ತೋಟಕ್ಕೆ ನೀರು, ಹಟ್ಟಿಯ ಕೆಲಸ, ವರಾಂಡ ಒರೆಸುವುದು, ಶೌಚಾಲಯ ತೊಳೆಯುವುದು. ಸಂಜೆ ಒಂದು ಗಂಟೆ ಆಟ. ಬಳಿಕ ಸ್ನಾನ, ಜಪಸರ, ಸಂಧ್ಯಾ ಪ್ರಾರ್ಥನೆ, ಓದು, ಊಟ, ಹರಟೆ. ರಾತ್ರಿ ಪ್ರಾರ್ಥನೆಯ ನಂತರ ಮರುದಿನ ಬೆಳಗಿನ ತನಕ ಮೌನ.

ಹೊರಗಿನಿಂದ ನೋಡುವವರಿಗೆ ಇದು ಬಹಳ ಬಿಗಿಯಾಗಿ ಕಾಣಬಹುದು. ಮೊದಲ ಮೂರು ತಿಂಗಳು ನಮಗೂ ಹಾಗೆಯೇ ಅನ್ನಿಸಿತ್ತು. ಆದರೆ ಮುಂದೆ ಧರ್ಮಕೇಂದ್ರದಲ್ಲಿ ಯಾರೂ ಗಂಟೆ ಬಾರಿಸಿ ಗುರುವನ್ನು ಪ್ರಾರ್ಥನೆಗೆ ಎಬ್ಬಿಸುವುದಿಲ್ಲ. ಮಧ್ಯರಾತ್ರಿ ರೋಗಿಯ ಅಭ್ಯಂಗಕ್ಕೆ ಕರೆ ಬಂದ ಮರುದಿನವೂ ಬೆಳಗಿನ ಪೂಜೆಗೆ ಬಲಿಪೀಠದ ಮುಂದೆ ನಿಲ್ಲಬೇಕು. ಆ ಅಭ್ಯಾಸ ಒಂದೇ ದಿನದಲ್ಲಿ ಬರುವುದಿಲ್ಲ. ಸೈಕಲ್ ಕಲಿಯುವ ಮಗುವಿಗೆ ಮೊದಲು ಹಿಂದಿನಿಂದ ಯಾರಾದರೂ ಸೀಟು ಹಿಡಿದುಕೊಳ್ಳಬೇಕು. ಒಂದು ದಿನ ಅವರು ಕೈ ಬಿಡುತ್ತಾರೆ. ಸೆಮಿನರಿಯ ಗಂಟೆ ಆ ಹಿಡಿದ ಕೈಯ ಹಾಗೆ.

ಹಾಗಾದರೆ ಸೈಕಲ್ ಎಲ್ಲಿ ಬಂತು?

ನಾವಿದ್ದ ಸೆಮಿನರಿಯ ಅಡುಗೆಕೋಣೆಯ ಹಿಂದೆ ಹಂಚಿನ ಮಾಡಿನ ಒಂದು ಶೆಡ್ ಇತ್ತು. ಅದರಲ್ಲಿ ಹನ್ನೊಂದು ಸೈಕಲ್‌ಗಳು. ವಿದ್ಯಾರ್ಥಿಗಳು ಅರುವತ್ತಕ್ಕಿಂತ ಹೆಚ್ಚು. ಭಾನುವಾರದ ಸೇವೆಗೆ ಯಾರಿಗೆ ಯಾವ ಸೈಕಲ್ ಎಂದು ಶನಿವಾರವೇ ಪಟ್ಟಿ ಹಾಕುತ್ತಿದ್ದರು. ಯಾರ ಪಾಲಿಗೆ ಯಾವುದು ಬಂದರೂ, ಹಿಂದಿರುಗಿ ತಂದಾಗ ಮಣ್ಣು ತೊಳೆದು, ಚೈನಿಗೆ ಎಣ್ಣೆ ಬಿಟ್ಟು ನಿಲ್ಲಿಸಬೇಕೆಂಬುದು ನಿಯಮ. ಪಂಕ್ಚರ್ ಆದರೆ ಮುಚ್ಚಿಟ್ಟು ಸುಮ್ಮನಿರುವಂತಿಲ್ಲ. ಮುಂದಿನ ವಾರ ಇನ್ನೊಬ್ಬ ಬ್ರದರ್ ಅದನ್ನು ತಳ್ಳಿಕೊಂಡು ಹೋಗಬೇಕಾಗುತ್ತದೆ. ನಮ್ಮೊಡನೆ ಇದ್ದ ಒಬ್ಬರು ಬ್ರೇಕ್ ಸರಿಯಿಲ್ಲದ ಸೈಕಲನ್ನು ಯಾರಿಗೂ ಹೇಳದೆ ನಿಲ್ಲಿಸಿದ್ದರು. ಮರುವಾರ ಇನ್ನೊಬ್ಬರು ಇಳಿಜಾರಿನಲ್ಲಿ ತೋಡಿಗೆ ಬಿದ್ದು ಕೈ ಮುರಿದುಕೊಂಡರು. ಅಂದು ರಾತ್ರಿ ಆ ಬ್ರದರ್ ಎಲ್ಲರ ಮುಂದೆ ಎದ್ದು ನಿಂತು ತಪ್ಪು ಒಪ್ಪಿಕೊಂಡರು. ಮಾನವೀಯ ತರಬೇತಿ ಎಂದರೆ ಏನೆಂದು ನಮಗೆ ಅಂದು ಅರ್ಥವಾದಷ್ಟು ಬೇರೆ ಯಾವ ಪಾಠದಲ್ಲೂ ಆಗಿರಲಿಲ್ಲ.

ದೇಹದ ಆರೋಗ್ಯವೂ ಇದರಲ್ಲಿ ಸೇರಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮಧ್ಯಮ ಮಟ್ಟದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಯಲಿನ ಚಾಪೆಲ್‌ಗೆ ಹೋಗಿ ಬರುವುದರಲ್ಲೇ ನಮಗೆ ಅದರ ಬಹುಪಾಲು ಮುಗಿಯುತ್ತಿತ್ತು. ಇಂದು ಗುರುಗಳಾದ ನಮ್ಮಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ. ಸೈಕಲಿನಿಂದ ಇಳಿದು ಕಾರು ಹತ್ತಿದ ಮೇಲೆ ಬಂದ ಬಳುವಳಿಗಳಿವು ಎಂದು ನಾವು ನಾವೇ ತಮಾಷೆ ಮಾಡಿಕೊಳ್ಳುವುದುಂಟು.

ಒಂದೇ ಸೈಕಲಿನಲ್ಲಿ ಇಬ್ಬರು

ಪ್ರಭು ಯೇಸು ತಮ್ಮ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದರೆಂದು ಸಂತ ಮಾರ್ಕರ ಶುಭಸಂದೇಶ ತಿಳಿಸುತ್ತದೆ. ನಮ್ಮಲ್ಲಿ ಸೈಕಲ್ ಕಡಿಮೆ ಇದ್ದುದರಿಂದ ಇಬ್ಬಿಬ್ಬರಾಗಿ ಒಂದೇ ಸೈಕಲಿನಲ್ಲಿ ಹೋಗುತ್ತಿದ್ದೆವು! ಒಬ್ಬ ತುಳಿಯುವವ, ಇನ್ನೊಬ್ಬ ಧರ್ಮೋಪದೇಶದ ಪುಸ್ತಕಗಳ ಚೀಲ ಹಿಡಿದು ಕ್ಯಾರಿಯರ್ ಮೇಲೆ ಕೂರುವವ. ಏರು ಬಂದಾಗ ಹಿಂದಿನವ ಇಳಿದು ತಳ್ಳಬೇಕು. ಸಂಕ ದಾಟಿದ ಮೇಲೆ ಜಾಗ ಬದಲು. ನಮಗೆ ಜೊತೆಯಾಗಿ ಸಿಕ್ಕಿದವರು ನಮ್ಮದೇ ತರಗತಿಯ ಒಬ್ಬ ಬ್ರದರ್. ಮೂರು ವರ್ಷ ಅವರ ಬೆನ್ನ ಹಿಂದೆ ನಾವು, ನಮ್ಮ ಬೆನ್ನ ಹಿಂದೆ ಅವರು. ಅವರ ವಿಷಯಕ್ಕೆ ಮತ್ತೆ ಬರುತ್ತೇವೆ.

ಸೈಕಲಿನ ವೇಗದಲ್ಲಿ ಹೋಗುವವನನ್ನು ಜನ ತಡೆದು ಮಾತಾಡಿಸುತ್ತಾರೆ. "ಬ್ರದರ್, ಒಂದು ಲೋಟ ನೀರು ಕುಡಿದು ಹೋಗಿ" ಎಂದು ಕರೆಯುತ್ತಾರೆ. ಹೀಗೆಯೇ ಒಮ್ಮೆ ಸಮುದ್ರದ ಬದಿಯ ಒಂದು ಮನೆಯಲ್ಲಿ ಕುಳಿತಾಗ ಅಲ್ಲಿಯ ಅಜ್ಜಿ ನಮ್ಮನ್ನು ಕೇಳಿದರು: "ದೋಣಿಯಲ್ಲಿ ಹೋದ ನನ್ನ ಮಗನನ್ನು ದೇವರು ಯಾಕೆ ವಾಪಸ್ ತರಲಿಲ್ಲ?" ಅದೇ ವಾರ ನಾವು ಕೇಡಿನ ಸಮಸ್ಯೆಯ ಬಗ್ಗೆ ಪರೀಕ್ಷೆ ಬರೆದು ಒಳ್ಳೆಯ ಅಂಕ ಪಡೆದಿದ್ದೆವು. ಅಜ್ಜಿಯ ಮುಂದೆ ಒಂದು ಮಾತೂ ಬಾಯಿಗೆ ಬರಲಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ನಮ್ಮ ಆತ್ಮಿಕ ಮಾರ್ಗದರ್ಶಕ ಗುರುಗಳಲ್ಲಿ ಇದನ್ನು ಹೇಳಿಕೊಂಡಾಗ ಅವರು ಯಾವ ಸಿದ್ಧಾಂತವನ್ನೂ ವಿವರಿಸಲಿಲ್ಲ. "ಬರುವ ಭಾನುವಾರವೂ ಅವರ ಮನೆಗೆ ಹೋಗಿ" ಎಂದಷ್ಟೇ ಹೇಳಿದರು. ಹೋದೆವು. ಅದರ ಮರುವಾರವೂ ಹೋದೆವು. ಅಜ್ಜಿ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಮಗನ ಬಗ್ಗೆ ಹೇಳುತ್ತಾ ಹೋದರು, ನಾವು ಕೇಳುತ್ತಾ ಹೋದೆವು. ಎಮ್ಮಾವುಸಿನ ದಾರಿಯಲ್ಲಿ ಪುನರುತ್ಥಾನರಾದ ಯೇಸು ಕೂಡ ಮೊದಲು ಶಿಷ್ಯರ ದುಃಖವನ್ನು ಕೇಳಿಸಿಕೊಂಡರು, ಆ ಮೇಲೆ ವಿವರಿಸಿದರು. ತರಗತಿಯ ಪಾಠ ಬೇಡವೆಂದಲ್ಲ. ಆದರೆ ಆ ಪಾಠ ಯಾರಿಗಾಗಿ ಎಂಬುದನ್ನು ಕಲಿಸಿದ್ದು ಆ ಒಂಬತ್ತು ಕಿಲೋಮೀಟರ್ ದಾರಿ.

ಪೆಡಲಿನ ಮೇಲಿನ ಪ್ರಾರ್ಥನೆ

ಸೈಕಲ್ ನಿಂತರೆ ಬೀಳುತ್ತದೆ, ಮುಂದೆ ಹೋಗುತ್ತಿದ್ದರೆ ಮಾತ್ರ ನೆಟ್ಟಗೆ ಇರುತ್ತದೆ. ಪ್ರಾರ್ಥನೆಯ ಜೀವನವೂ ಹಾಗೆಯೇ. ನಿನ್ನೆ ಮಾಡಿದ ಪ್ರಾರ್ಥನೆಯ ಬಲದಿಂದ ಸ್ವಲ್ಪ ದೂರ ಹೋಗಬಹುದು, ಇಳಿಜಾರಿನಲ್ಲಿ ತುಳಿಯದೆ ಜಾರಿದ ಹಾಗೆ. ಏರು ಬಂದಾಗ ಗೊತ್ತಾಗುತ್ತದೆ. ಸೆಮಿನರಿಯಲ್ಲಿ ಏರುಗಳು ಬರುತ್ತವೆ: ಮನೆಯ ನೆನಪು, ಒಂಟಿತನ, ತಂದೆಯ ಸಾಲ, ಅಕ್ಕನ ಮದುವೆ, ಕಾಲೇಜಿನ ಗೆಳೆಯರು ದುಬಾಯಿಗೆ ಹೋಗಿ ಮನೆ ಕಟ್ಟಿಸಿದರೆಂಬ ಸುದ್ದಿ. ಧ್ಯಾನಕ್ಕೆ ಕುಳಿತರೆ ದೇವರು ಇದ್ದಾರೋ ಇಲ್ಲವೋ ಎಂಬಷ್ಟು ಶುಷ್ಕತೆ. ಆಗ ದೊಡ್ಡ ಸಂಕಲ್ಪಗಳು ಸಹಾಯಕ್ಕೆ ಬರುವುದಿಲ್ಲ. ಮುಂದಿನ ಲೈಟ್ ಕಂಬದವರೆಗೆ ತುಳಿಯುತ್ತೇನೆ ಎನ್ನುವ ಹಾಗೆ, ಇಂದಿನ ಒಂದು ಪ್ರಾರ್ಥನೆ, ಇಂದಿನ ಒಂದು ಕೆಲಸ ಎಂದು ಸಾಗಬೇಕಾಗುತ್ತದೆ.

ನಮ್ಮ ಕರಾವಳಿಗೆ ಈ ದಾರಿಯ ಮಾದರಿ ಹೊಸದಲ್ಲ. ಸಂತ ಜೋಸೆಫ್ ವಾಜ್‌ರವರು 1681ರಿಂದ ಮೂರು ವರ್ಷ ಕೆನರಾದಲ್ಲಿ ಗುರುವಾಗಿ ಸೇವೆ ಮಾಡಿದರು. 1687ರಲ್ಲಿ ಸಿಲೋನಿಗೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ಕೊನೆಯುಸಿರೆಳೆದರು. ಅವರ ಕಾಲದಲ್ಲಿ ಸೈಕಲ್ ಎಂಬುದೇ ಇರಲಿಲ್ಲ; ಅವರ ಸೇವೆ ಕಾಲ್ನಡಿಗೆಯದು. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಮುಡಿಪುವಿನಲ್ಲಿ ನಡೆದ ಸಂಭ್ರಮ ನಮ್ಮ ಓದುಗರಿಗೆ ನೆನಪಿರಬಹುದು.

ಧರ್ಮಸಭೆ ಮತ್ತು ಸೈಕಲ್

ಸೈಕಲ್ ಸವಾರರಿಗೂ ಒಬ್ಬ ಪಾಲಕಿ ಇದ್ದಾರೆಂದು ಹೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ಇಟಲಿಯ ಕೋಮೋ ಸರೋವರದ ಬಳಿ ಗಿಸಾಲ್ಲೊ ಎಂಬ ಬೆಟ್ಟದ ಮೇಲೆ ಮಾತೆ ಮರಿಯಮ್ಮನವರ ಒಂದು ಚಿಕ್ಕ ದೇವಾಲಯವಿದೆ. ಪೋಪ್ ಹನ್ನೆರಡನೇ ಪಿಯುಸ್‌ರವರು 1949ರಲ್ಲಿ ಗಿಸಾಲ್ಲೊ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಒಳಗಿನ ಗೋಡೆಗಳ ಮೇಲೆ ಪ್ರಸಿದ್ಧ ಓಟಗಾರರ ಸೈಕಲ್‌ಗಳನ್ನು ಹರಕೆಯಂತೆ ತೂಗುಹಾಕಿದ್ದಾರೆ. 1995ರ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಬಿದ್ದು ಪ್ರಾಣ ಬಿಟ್ಟ ಇಟಲಿಯ ಫಾಬಿಯೊ ಕಸಾರ್ತೆಲ್ಲಿಯವರ ಸೈಕಲ್ ಕೂಡ ಅಲ್ಲಿದೆ. ಗೆದ್ದವರ ಸೈಕಲಿನ ಜೊತೆ ಬಿದ್ದವರ ಸೈಕಲಿಗೂ ಮಾತೆಯ ಮುಂದೆ ಸ್ಥಳವಿದೆ.

ಇಟಲಿಯ ಜಿನೊ ಬಾರ್ತಲಿಯವರ ಕತೆಯನ್ನು ಯುವಜನರಿಗೆ ನಾವು ಆಗಾಗ ಹೇಳುತ್ತೇವೆ. ಅವರು 1938 ಮತ್ತು 1948ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದವರು, ಕಾರ್ಮೆಲ್ ಸಭೆಯ ಶ್ರೀಸಾಮಾನ್ಯ ಸದಸ್ಯರು. ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ಲಾರೆನ್ಸಿನ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾರವರ ಬೆಂಬಲದಿಂದ ಯೆಹೂದಿಗಳನ್ನು ಉಳಿಸುವ ಗುಪ್ತ ಕೆಲಸ ನಡೆಯುತ್ತಿತ್ತು. ಅಭ್ಯಾಸಕ್ಕೆ ಹೊರಟವರಂತೆ ಸೈಕಲ್ ತುಳಿಯುತ್ತಾ, ಅದರ ಕೊಳವೆಗಳೊಳಗೆ ದಾಖಲೆಪತ್ರಗಳನ್ನು ಅಡಗಿಸಿ ಬಾರ್ತಲಿ ಊರಿಂದ ಊರಿಗೆ ಸಾಗಿಸಿದರೆಂದು ಗುರುತಿಸಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 2013ರಲ್ಲಿ ಅವರಿಗೆ ಗೌರವ ಸಲ್ಲಿಸಿತು. ಆಗ ಅವರು ಬದುಕಿರಲಿಲ್ಲ, 2000ದಲ್ಲೇ ತೀರಿಕೊಂಡಿದ್ದರು. ಬದುಕಿದ್ದಾಗ ಈ ಬಗ್ಗೆ ಅವರು ಹೆಚ್ಚು ಮಾತಾಡಿದವರಲ್ಲ.

ವಾತಿಕಾನಿಗೂ ಈಗ ತನ್ನದೇ ಕ್ರೀಡಾ ಸಂಘವಿದೆ. ಅದರ ಸೈಕಲ್ ವಿಭಾಗಕ್ಕೆ 2021ರಲ್ಲಿ ಅಂತಾರಾಷ್ಟ್ರೀಯ ಮಾನ್ಯತೆ ದೊರೆತು, 2022ರಲ್ಲಿ ಆಸ್ಟ್ರೇಲಿಯಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ವಾತಿಕಾನಿನ ಸವಾರರೊಬ್ಬರು ಭಾಗವಹಿಸಿದರು. 2025ರ ಜೂನ್ 1ರಂದು ಜಿರೊ ದಿತಾಲಿಯಾ ಸ್ಪರ್ಧೆಯ ಕೊನೆಯ ಹಂತ ವಾತಿಕಾನಿನೊಳಗೆ ಹಾದುಹೋದಾಗ ಪೋಪ್ ಹದಿನಾಲ್ಕನೇ ಲಿಯೊರವರು ಸವಾರರನ್ನು ಭೇಟಿಯಾಗಿ ಹರಸಿದರು. ಸೈಕಲ್ ಪ್ರೀತಿಸುವ ಹುಡುಗ ಒಳ್ಳೆಯ ಗುರುವಾಗಲಾರ ಎಂದು ಹೆದರುವ ತಾಯಂದಿರಿಗೆ ಇಷ್ಟು ಸಾಕೆಂದು ಭಾವಿಸುತ್ತೇವೆ.

ಎರಡನೆಯ ಪ್ರಶ್ನೆ

ಈಗ ಆ ಕಷ್ಟದ ಪ್ರಶ್ನೆಗೆ ಬರೋಣ. ನಮ್ಮೊಡನೆ ಒಂದೇ ಸೈಕಲಿನಲ್ಲಿ ಬರುತ್ತಿದ್ದ ಬ್ರದರ್ ದೈವಶಾಸ್ತ್ರದ ಮೊದಲ ವರ್ಷದಲ್ಲಿ ಸೆಮಿನರಿ ಬಿಟ್ಟರು. ಯಾವ ತಪ್ಪನ್ನೂ ಮಾಡಿರಲಿಲ್ಲ, ಯಾರೂ ಅವರನ್ನು ಹೊರಗೆ ಕಳುಹಿಸಿರಲಿಲ್ಲ. ಬಹಳ ಕಾಲ ಪ್ರಾರ್ಥಿಸಿ, ಮಾರ್ಗದರ್ಶಕ ಗುರುಗಳೊಡನೆ ಮಾತಾಡಿ, ತನ್ನ ಕರೆ ಬೇರೆ ಎಂದು ಕಂಡುಕೊಂಡಿದ್ದರು. ಆದರೆ ಊರಿಗೆ ಹೋದಾಗ ಅವರನ್ನು ಎದುರುಗೊಂಡದ್ದು ಪಿಸುಮಾತು. "ಓಡಿ ಬಂದವ" ಎಂದರು. ಹುಡುಗಿಯ ವಿಷಯ ಇರಬೇಕು ಎಂದರು. ಅವರ ತಾಯಿ ಒಂದು ವರ್ಷ ಎರಡನೇ ಪೂಜೆಗೆ ಬರುವುದನ್ನೇ ಬಿಟ್ಟು, ಜನ ಕಡಿಮೆ ಇರುವ ಬೆಳಗಿನ ಪೂಜೆಗೆ ಹೋಗುತ್ತಿದ್ದರಂತೆ.

ಊರಿನವರನ್ನು ಮಾತ್ರ ದೂರಿದರೆ ತಪ್ಪಾದೀತು. ಮೂರು ವರ್ಷ ಅವರ ಬೆನ್ನ ಹಿಂದೆ ಕುಳಿತು ಹೋದ ನಾವೇ ಎರಡು ವರ್ಷ ಅವರಿಗೆ ಒಂದು ಪತ್ರ ಬರೆಯಲಿಲ್ಲ. ಏನು ಬರೆಯುವುದು ಎಂದು ತಿಳಿಯಲಿಲ್ಲ ಎಂಬುದು ನಮ್ಮ ನೆಪ. ನಿಜವೇನೆಂದರೆ, ಅವರು ಹೋದದ್ದು ನಮ್ಮೊಳಗಿನ ಸಂಶಯವನ್ನೂ ಕೆಣಕಿತ್ತು. ಕೊನೆಗೆ ನಮ್ಮ ಗುರುದೀಕ್ಷೆಗೆ ಅವರು ಕರೆಯದೆಯೇ ಬಂದರು. ಊಟದ ಚಪ್ಪರದ ಬದಿಯಲ್ಲಿ ಕೈ ಹಿಡಿದು ಕ್ಷಮೆ ಕೇಳಿದೆವು. ಅವರು ನಕ್ಕು ಹೇಳಿದ್ದು ಇಷ್ಟೇ: "ನಾನು ಇಳಿದದ್ದು ಮಾರಾಯ್ರೆ, ಬಿದ್ದದ್ದಲ್ಲ." ಇಂದು ಅವರು ಇಬ್ಬರು ಮಕ್ಕಳ ತಂದೆ. ತಮ್ಮ ಧರ್ಮಕೇಂದ್ರದಲ್ಲಿ ಧರ್ಮೋಪದೇಶ ಕಲಿಸುತ್ತಾರೆ. ಸಮುದ್ರದ ಬದಿಯ ಆ ಅಜ್ಜಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ನಮ್ಮಿಬ್ಬರಲ್ಲಿ ಹೋದವರು ಅವರೊಬ್ಬರೇ.

ಧರ್ಮಸಭೆಯ ನಿಯಮ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ದೀಕ್ಷೆ ಪಡೆಯುವವನಿಗೆ ಪೂರ್ಣ ಸ್ವಾತಂತ್ರ್ಯವಿರಬೇಕು. ಯಾವ ಕಾರಣಕ್ಕೂ, ಯಾವ ರೀತಿಯಲ್ಲೂ ಯಾರನ್ನೂ ದೀಕ್ಷೆಗೆ ಒತ್ತಾಯಿಸುವುದು ನಿಷಿದ್ಧ, ಯೋಗ್ಯನಾದವನನ್ನು ತಡೆಯುವುದೂ ನಿಷಿದ್ಧ (ನಿಯಮ 1026). ದೀಕ್ಷೆಗೆ ಮೊದಲು ಅಭ್ಯರ್ಥಿಯು ತಾನು ಸ್ವಇಚ್ಛೆಯಿಂದಲೇ ಇದನ್ನು ಸ್ವೀಕರಿಸುತ್ತೇನೆಂದು ತನ್ನ ಕೈಬರಹದಲ್ಲಿ ಬರೆದುಕೊಡಬೇಕು (ನಿಯಮ 1036). ಹಾಗಾದರೆ, "ಬಿಟ್ಟು ಬಂದರೆ ಊರಲ್ಲಿ ಮುಖ ತೋರಿಸುವುದು ಹೇಗೆ" ಎಂಬ ಹೆದರಿಕೆಯಿಂದ ಒಬ್ಬ ಹುಡುಗ ದೀಕ್ಷೆಯವರೆಗೆ ಹೋದರೆ, ಆ ಕೈಬರಹಕ್ಕೆ ಏನು ಬೆಲೆ? ಅಂಥ ಒತ್ತಾಯವನ್ನು ಹೇರುವವರು ಸೆಮಿನರಿಯವರಲ್ಲ, ನಾವು. ಹೆದರಿಕೆಯಿಂದ ಗುರುವಾದವನ ಕಷ್ಟವನ್ನು ಮುಂದೆ ಅನುಭವಿಸುವುದೂ ನಮ್ಮ ಧರ್ಮಕೇಂದ್ರಗಳೇ. ಸೆಮಿನರಿಯ ವರ್ಷಗಳು ಇರುವುದೇ ದೇವರ ಕರೆಯನ್ನು ಪರೀಕ್ಷಿಸಿ ನೋಡಲು. ಪರೀಕ್ಷಿಸಿ "ಅಲ್ಲ" ಎಂದು ತಿಳಿದುಕೊಂಡವನೂ ಆ ವರ್ಷಗಳನ್ನು ವ್ಯರ್ಥ ಮಾಡಲಿಲ್ಲ.

ನಾವು ಮಾಡಬಹುದಾದದ್ದು

ಪಾಸ್ಕ ಕಾಲದ ನಾಲ್ಕನೇ ಭಾನುವಾರ ನಾವು ದೈವಕರೆಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತೇವೆ. 1964ರಿಂದ ನಡೆದು ಬಂದ ಆಚರಣೆ ಇದು. ಆ ಒಂದು ದಿನಕ್ಕೆ ನಿಲ್ಲಿಸದೆ ಕೆಲವು ಸಣ್ಣ ಕೆಲಸಗಳನ್ನು ಮಾಡಬಹುದು.

ರಜೆಗೆ ಬಂದ ಬ್ರದರ್‌ಗೆ "ಇನ್ನೆಷ್ಟು ವರ್ಷ ಉಂಟು?" ಎಂದು ಕೇಳುವ ಬದಲು "ಹೇಗಿದ್ದೀರಿ?" ಎಂದು ಕೇಳೋಣ. ಗುರ್ಕಾರರು ವಾಡೊ ಭೇಟಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಲಿ. ಸಿರಿವಂತರ ಮನೆಯ ಊಟಕ್ಕೆ ಮಾತ್ರವಲ್ಲ, ಹಾಸಿಗೆ ಹಿಡಿದವರ ಮನೆಗೂ. ಸೆಮಿನರಿ ಬಿಟ್ಟು ಬಂದವರಿದ್ದರೆ ಬಂದ ಮೊದಲ ಭಾನುವಾರವೇ ಅವರ ಮನೆಗೆ ಹೋಗಿ. ಅವರಿಗೆ ಗಾಯನ, ಧರ್ಮೋಪದೇಶ, ಯುವಜನರ ಸಂಘಟನೆ ಗೊತ್ತಿದೆ, ಕೆಲಸ ಹೇಳಿ.

ಸೈಕಲಿನ ಬಗ್ಗೆಯೂ ಒಂದು ಎಚ್ಚರಿಕೆಯ ಮಾತು. ನಮ್ಮ ಕಾಲದ ಎನ್.ಎಚ್. 17 ಈಗ ನಾಲ್ಕು ಪಥಗಳ ಎನ್.ಎಚ್. 66 ಆಗಿದೆ. ಅಲ್ಲಿ ಸೈಕಲ್ ತುಳಿಯುವುದು ಅಪಾಯ. ಒಳರಸ್ತೆಗಳನ್ನೇ ಬಳಸಿ, ಹೆಲ್ಮೆಟ್ ಧರಿಸಿ, ಮಳೆಗಾಲದ ಸಂಜೆ ಹಿಂದೆ ಕೆಂಪು ದೀಪವಿಲ್ಲದೆ ಹೊರಡಬೇಡಿ. ಒಂದೇ ಸೈಕಲಿನಲ್ಲಿ ಇಬ್ಬರು ಹೋಗುವ ನಮ್ಮ ಹಳೆಯ ಸಾಹಸವನ್ನಂತೂ ಅನುಕರಿಸಬೇಡಿ!

ಆ ತಾಯಿಗೆ ಹೇಳಬೇಕಾದದ್ದನ್ನು ಇಲ್ಲಿ ಹೇಳಿ ಮುಗಿಸುತ್ತೇವೆ. ಅಮ್ಮಾ, ನಿಮ್ಮ ಮಗ ಸೆಮಿನರಿಗೆ ಹೋಗಲಿ. ಅವನ ಸೈಕಲನ್ನು ಮಾರಬೇಡಿ. ಎಣ್ಣೆ ಹಾಕಿ ಮನೆಯ ಬದಿಯಲ್ಲಿ ನಿಲ್ಲಿಸಿರಿ. ರಜೆಗೆ ಬಂದಾಗ ಅದನ್ನೇ ಏರಿ ವಾಡೊದ ಮನೆಗಳಿಗೆ ಹೋಗಿ ಬರಲಿ. ಒಂದು ದಿನ ಅವನು ಗುರುವಾಗಿ ಬಂದರೂ, ಗುರುವಾಗದೆ ಬಂದರೂ, ನೀವು ಎರಡನೇ ಪೂಜೆಗೆ ಎಂದಿನಂತೆ ಬಂದು ಮುಂದಿನ ಬೆಂಚಿನಲ್ಲೇ ಕುಳಿತುಕೊಳ್ಳಿ. ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುವ ಜವಾಬ್ದಾರಿ ನಮ್ಮೆಲ್ಲರದು.

ನಮ್ಮ ಎಲ್ಲ ಗುರುವಿದ್ಯಾರ್ಥಿಗಳನ್ನು, ದಾರಿ ಬದಲಿಸಿದವರನ್ನೂ, ಪ್ರಭು ಯೇಸು ಕೈಹಿಡಿದು ನಡೆಸಲಿ. ಮಾತೆ ಮರಿಯಮ್ಮನವರು ಅವರನ್ನು ದಾರಿಯುದ್ದಕ್ಕೂ ಕಾಪಾಡಲಿ.